ಮುಚ್ಚದ ರೆಪ್ಪೆ: ಮುಖದ ನರ ಸೋತಾಗ ಕಣ್ಣನ್ನು ಕಾಯುವುದು

ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಸೊಟ್ಟಗಾದರೆ ಮನೆಮಂದಿಯ ಗಮನವೆಲ್ಲ ಬಾಯಿಯ ಮೇಲೆ. ಬಾಯಿ ವಾಲಿದೆ, ಕುಡಿದ ನೀರು ಪಕ್ಕದಿಂದ ಸೋರುತ್ತಿದೆ, 'ಲಕ್ವ ಹೊಡೆಯಿತು' ಎಂಬ ಗಾಬರಿ. ಕೈಕಾಲಿನಲ್ಲಿ ಬಲವಿಲ್ಲ, ಮಾತು ತೊದಲುತ್ತಿದೆ, ಬಾಯಿ ವಾಲಿದ್ದರೂ ಹಣೆ ಎರಡೂ ಕಡೆ ಸುಕ್ಕಾಗುತ್ತಿದೆ ಎಂದಾದರೆ ಅದು ಮೆದುಳಿನ ಪಾರ್ಶ್ವವಾಯು ಇರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹಣೆಯೂ ಸುಕ್ಕಾಗದೆ ಮುಖದ ಆ ಬದಿಯಷ್ಟೇ ಸೋತಿದ್ದರೆ ಹೆಚ್ಚಾಗಿ ಬೆಲ್ಸ್ ಪಾಲ್ಸಿ, ಅಂದರೆ ಮುಖದ ನರ ಸೋಲುವ ಕಾಯಿಲೆ. ಆಗಲೂ ಅದೇ ದಿನ ವೈದ್ಯರನ್ನು ಕಾಣಬೇಕು, ಏಕೆಂದರೆ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಗುಣ ಹೆಚ್ಚು. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ, ತಡವೆಂದರೆ ಕೆಲವು ತಿಂಗಳಲ್ಲಿ ಮುಖ ಸರಿಹೋಗುತ್ತದೆ. ಅಷ್ಟರೊಳಗೆ ಕೆಡಬಹುದಾದದ್ದು ಕಣ್ಣು.

ರೆಪ್ಪೆಯನ್ನು ಎತ್ತುವ ಮುಖ್ಯ ಸ್ನಾಯುವಿಗೆ ಮೂರನೆಯ ಕಪಾಲ ನರ (ಮೆದುಳಿನಿಂದ ನೇರವಾಗಿ ಹೊರಡುವ ನರ), ಮುಚ್ಚುವ ಸ್ನಾಯುವಿಗೆ ಏಳನೆಯದು, ಅಂದರೆ ಮುಖದ ನರ. ಬೆಲ್ಸ್ ಪಾಲ್ಸಿಯಲ್ಲಿ ಸೋಲುವುದು ಏಳನೆಯದು. ಹಾಗಾಗಿ ರೆಪ್ಪೆ ಜೋತುಬೀಳುವುದಿಲ್ಲ, ತೆರೆದೇ ನಿಲ್ಲುತ್ತದೆ. (ಮೇಲಿನ ರೆಪ್ಪೆ ಜೋತುಬಿದ್ದಿದ್ದರೆ ಅದು ಬೇರೆಯೇ ಕಾಯಿಲೆ. ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ.)

ರೆಪ್ಪೆಯನ್ನು ನಾವು ಬಾಗಿಲು ಎಂದುಕೊಳ್ಳುತ್ತೇವೆ. ಧೂಳು, ಹುಳು ಬಂದಾಗ ಅದು ಬಾಗಿಲೇ ಸರಿ. ದಿನವಿಡೀ ಮಾಡುವ ಕೆಲಸ ಮಾತ್ರ ಒರೆಸುವುದು. ನಿಮಿಷಕ್ಕೆ ಸುಮಾರು 15 ಸಲ ಮೇಲಿನ ರೆಪ್ಪೆ ಇಳಿದು ಕಣ್ಣೀರಿನ ತೆಳು ಪದರವನ್ನು ಕಾರ್ನಿಯಾದ (ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ) ಮೇಲೆ ಹರಡುತ್ತದೆ, ಅಂಚಿನ ಗ್ರಂಥಿಗಳಿಂದ ಎಣ್ಣೆ ಹಿಂಡಿ ಆ ನೀರು ಆರದಂತೆ ಮುಚ್ಚುತ್ತದೆ, ಹಳೆಯ ನೀರನ್ನು ಮೂಗಿನ ಕಡೆಯ ಸಣ್ಣ ರಂಧ್ರಗಳಿಗೆ ತಳ್ಳುತ್ತದೆ. 'ನಿಮಿಷ' ಎಂಬ ಪದದ ಹಳೆಯ ಅರ್ಥವೇ ಎವೆಯಿಕ್ಕುವಷ್ಟು ಹೊತ್ತು. ಎವೆಯಿಕ್ಕದ ದೇವತೆಗಳು ಅನಿಮಿಷರು. ನಮ್ಮ ನಿಮ್ಮ ಕಣ್ಣು ಹದಿನೈದು ಸೆಕೆಂಡು ತಡೆದರೆ ಉರಿಯತೊಡಗುತ್ತದೆ.

ಇಲ್ಲೊಂದು ಮೋಸವಿದೆ. ಸೋತ ಬದಿಯ ಕಣ್ಣಿನಿಂದ ನೀರು ಕೆನ್ನೆಗೆ ಸುರಿಯುತ್ತಿರುತ್ತದೆ. 'ಇಷ್ಟು ನೀರಿದೆ, ಒಣಗುವುದೆಲ್ಲಿ?' ಎಂದು ಡ್ರಾಪ್ಸ್ ಬಿಟ್ಟುಬಿಡುತ್ತಾರೆ. ಕೆಳಗಿನ ರೆಪ್ಪೆ ಸಡಿಲವಾಗಿ ರಂಧ್ರ ಹೊರಕ್ಕೆ ತಿರುಗಿದೆ, ತಳ್ಳುವವರೂ ಇಲ್ಲ. ನೀರು ಅಂಚಿನಲ್ಲಿ ತುಂಬಿ ಹೊರಚೆಲ್ಲುತ್ತದೆ, ನಡುವಿನ ಕಾರ್ನಿಯಾ ಒಣಗುತ್ತಲೇ ಇರುತ್ತದೆ.

ಅಪಾಯ ಎಷ್ಟೆಂದು ಮನೆಯಲ್ಲೇ ನೋಡಬಹುದು. ನಿದ್ದೆಗೆ ಮುಚ್ಚುವ ಹಾಗೆ ಮೆಲ್ಲಗೆ ಕಣ್ಣು ಮುಚ್ಚಲು ಹೇಳಿ. ಬಿಗಿಯಾಗಿ ಮುಚ್ಚಿಸಿದರೆ ಲೆಕ್ಕ ತಪ್ಪುತ್ತದೆ. ಟಾರ್ಚ್ ಬೆಳಕಲ್ಲಿ ಸಂದಿಯನ್ನು ನೋಡಿ. ಕಣ್ಣು ಮುಚ್ಚುವಾಗ ಗುಡ್ಡೆ ತಾನಾಗಿ ಮೇಲಕ್ಕೆ ಹೊರಳುವುದು ಸಹಜ, ಆದರೆ ಎಲ್ಲರಿಗೂ ಅಲ್ಲ. ಸಂದಿಯಲ್ಲಿ ಬರೀ ಬಿಳಿ ಕಂಡರೆ ಸ್ವಲ್ಪ ಸಮಾಧಾನ. ಕಪ್ಪು ಕಂಡರೆ ರಾತ್ರಿಯಿಡೀ ಕಾರ್ನಿಯಾ ಗಾಳಿಗೆ ತೆರೆದಿರುತ್ತದೆ ಎಂದರ್ಥ. ಕಣ್ಣಿನ ವೈದ್ಯರಿಗೆ ಅಂದೇ ತೋರಿಸಿ.

ಹಗಲಲ್ಲಿ ಕೃತಕ ಕಣ್ಣೀರು, ಸಾಮಾನ್ಯವಾಗಿ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್ 0.5% ಅಥವಾ 1%, ಗಂಟೆಗೋ ಎರಡು ಗಂಟೆಗೋ ಒಮ್ಮೆ. ಒಂದು ಹನಿ ಸಾಕು, ಎರಡನೆಯದು ಕೆನ್ನೆಗೇ ಹೋಗುತ್ತದೆ. ಇಷ್ಟು ಸಲ ಹಾಕುವವರು ಪ್ರಿಸರ್ವೇಟಿವ್ ಇಲ್ಲದ್ದನ್ನು ಕೇಳಿ ಪಡೆಯಬೇಕು. ಬೆನ್ಜಾಲ್ಕೋನಿಯಂ ಎಂಬ ಪ್ರಿಸರ್ವೇಟಿವ್ ಇರುವ ಬಾಟಲಿಯನ್ನು ದಿನಕ್ಕೆ ಹತ್ತು ಸಲ ಹಾಕಿದರೆ ಅದೇ ಕಾರ್ನಿಯಾವನ್ನು ಕೆರಳಿಸುತ್ತದೆ. ಹೊರಗೆ ಹೊರಟರೆ ಕನ್ನಡಕ, ಬೈಕಿನಲ್ಲಾದರೆ ಹೆಲ್ಮೆಟ್ಟಿನ ಗಾಜು ಇಳಿಸಿ. ಫ್ಯಾನಿನ ನೇರ ಕೆಳಗೆ ಹಾಸಿಗೆ ಬೇಡ.

ರಾತ್ರಿಯ ಕೆಲಸದಲ್ಲೇ ಹೆಚ್ಚು ತಪ್ಪುಗಳು. ಕೈ ತೊಳೆದು, ಕೆಳರೆಪ್ಪೆ ಎಳೆದು, ಒಳಗೆ ಸುಮಾರು 1 ಸೆಂ.ಮೀ. ಉದ್ದ ಪ್ಯಾರಾಫಿನ್ ಆಯಿಂಟ್‌ಮೆಂಟ್ ಹಾಕಿ. ಹೊರಗಿನ ಚರ್ಮಕ್ಕೆ ಮೆತ್ತಿದ ಜಿಡ್ಡನ್ನು ಒರೆಸದಿದ್ದರೆ ಮುಂದೆ ಅಂಟಿಸುವ ಟೇಪು ನಡುರಾತ್ರಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಕೆಳಗೆ ನೋಡುತ್ತ, ಮೇಲಿನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಇಳಿಸಿ. ಒಂದಿಂಚು ಅಗಲದ ಮೈಕ್ರೋಪೋರ್ ಟೇಪಿನ ಒಂದು ತುದಿಯನ್ನು ಮೇಲಿನ ರೆಪ್ಪೆಗೆ ಅಂಟಿಸಿ, ಓರೆಯಾಗಿ ಹೊರಗಡೆಗೆ ಎಳೆದು ಕೆನ್ನೆಗೆ ಒತ್ತಿ. ರೆಪ್ಪೆಗೂದಲು ಒಳಕ್ಕೆ ಮಡಚಿರಬಾರದು. ಬೇರೆಯವರು ಟಾರ್ಚ್ ಹಿಡಿದು ಸಂದಿ ಉಳಿದಿಲ್ಲವೆಂದು ನೋಡಲೇಬೇಕು. ಟೇಪಿನ ಕೆಳಗೆ ಕಣ್ಣು ತೆರೆದುಕೊಂಡರೆ ಕಾರ್ನಿಯಾ ಅದಕ್ಕೇ ಉಜ್ಜಿ ಗಾಯವಾಗುತ್ತದೆ. ಅದಕ್ಕಿಂತ ಟೇಪು ಇಲ್ಲದಿರುವುದೇ ವಾಸಿ. ಬರೀ ಹತ್ತಿ ಇಟ್ಟು ಪಟ್ಟಿ ಕಟ್ಟುವುದರಲ್ಲೂ ಇದೇ ತೊಂದರೆ. ಬೆಳಿಗ್ಗೆ ಟೇಪನ್ನು ಬೆಚ್ಚಗಿನ ನೀರಲ್ಲಿ ನೆನೆಸಿ ಬಿಡಿಸಿ. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು, ಕಿತ್ತರೆ ಸುಲಿಯುತ್ತದೆ.

ತಂಪಿಗೆಂದು ನಂದಿಬಟ್ಟಲು ಹೂವಿನ ರಸ, ಎದೆಹಾಲು, ಹರಳೆಣ್ಣೆ ಇವೆಲ್ಲ ಬೇಡವೇ ಬೇಡ. ಒಣಗಿ ತರಚಿದ ಕಾರ್ನಿಯಾಕ್ಕೆ ಸೋಂಕು ಹೊಗಲು ಅಷ್ಟು ಸಾಕು. ಮೆಡಿಕಲ್ ಶಾಪಿನಲ್ಲಿ 'ಕೆಂಪಿಗೆ' ಎಂದು ಕೇಳಿ ತರುವ ಡ್ರಾಪ್ಸಿನಲ್ಲಿ ಸ್ಟೀರಾಯ್ಡ್ ಇದ್ದರೆ ಇನ್ನೂ ಕೆಟ್ಟದ್ದು. ನೋವು, ಮಂಜು, ಬೆಳಕು ತಡೆಯಲಾಗದಿರುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ: ಯಾವುದೊಂದು ಕಂಡರೂ ಅದೇ ದಿನ ಕಣ್ಣಿನ ಆಸ್ಪತ್ರೆ. ನೋವಿಲ್ಲವೆಂದು ಎಲ್ಲರೂ ನಿಶ್ಚಿಂತರಾಗುವಂತಿಲ್ಲ. ಕುಷ್ಠರೋಗದಲ್ಲಿ, ಕಿವಿಯ ನರದ ಗಡ್ಡೆ ತೆಗೆದ ಮೇಲೆ, ಕಾರ್ನಿಯಾದ ಸ್ಪರ್ಶವೂ ಹೋಗಿರಬಹುದು. ಅಂಥವರಿಗೆ ಹುಣ್ಣಾದರೂ ಗೊತ್ತಾಗುವುದಿಲ್ಲ.

ತಿಂಗಳುಗಟ್ಟಲೆ ಕಾದರೂ ನರ ಏಳದಿದ್ದರೆ ಶಸ್ತ್ರಚಿಕಿತ್ಸೆ. ರೆಪ್ಪೆಗಳ ಹೊರಮೂಲೆಯನ್ನು ಹೊಲಿದು ಸಂದಿ ಕಿರಿದು ಮಾಡುವುದೊಂದು ದಾರಿ. ಇನ್ನೊಂದು, ಮೇಲಿನ ರೆಪ್ಪೆಯೊಳಗೆ ಸುಮಾರು 1 ಗ್ರಾಂ ಚಿನ್ನದ ಅಥವಾ ಪ್ಲಾಟಿನಂ ತುಣುಕು ಕೂರಿಸುವುದು. ತೆರೆಯುವ ಸ್ನಾಯು ಎಂದಿನಂತೆ ಎತ್ತುತ್ತದೆ, ಅದು ಸಡಿಲಬಿಟ್ಟಾಗ ಲೋಹದ ಭಾರ ರೆಪ್ಪೆಯನ್ನು ಇಳಿಸುತ್ತದೆ. ಕುಳಿತಾಗ, ನಿಂತಾಗ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಗಾತ ಮಲಗಿದರೆ ಭಾರ ಎಳೆಯುವುದು ಪಾದದ ಕಡೆಗಲ್ಲ, ದಿಂಬಿನ ಕಡೆಗೆ. ಆದ್ದರಿಂದ ಚಿನ್ನ ಹಾಕಿಸಿಕೊಂಡವರಿಗೂ ರಾತ್ರಿಯ ಆಯಿಂಟ್‌ಮೆಂಟ್ ತಪ್ಪುವುದಿಲ್ಲ.