ಧಾಟಿ ಗೊತ್ತಿದ್ದರೆ ಸಾಕೇ? ಯಿಡ್ಡಿಷ್ ಕಥನಕಾವ್ಯದ ಹಾಡಿಕೆ

ವಿಜಯಪುರ, ಬಾಗಲಕೋಟೆ ಕಡೆಯ ಭಜನಾ ಮೇಳಗಳ ವಹಿ ತೆರೆದರೆ ಪದದ ಮೇಲೆ ‘ಧಾಟಿ’ ಅಂತ ಬರೆದು ಬೇರೊಂದು ಪದದ ಮೊದಲ ಸಾಲು ಹಾಕಿರುತ್ತಾರೆ. ಸ್ವರಲಿಪಿ ಇರುವುದಿಲ್ಲ. ಯುರೋಪಿನ ಯೆಹೂದಿಗಳ ಮಾತಾದ ಯಿಡ್ಡಿಷ್‌ನ ಹಳೆಯ ಕಥನಕಾವ್ಯವೂ ಇದೇ ಉಪಾಯ ಬಳಸಿತು. ಧಾಟಿಗೆ ಅವರ ಮಾತು ‘ನಿಗುನ್’. 1544ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಅಚ್ಚಾದ ‘ಶ್ಮುಯೆಲ್ ಬುಖ್’ ಬೈಬಲಿನ ರಾಜ ದಾವೀದನ ಕಥೆ. ಪದ್ಯಕ್ಕೆ ನಾಲ್ಕು ಉದ್ದ ಸಾಲು, ಪ್ರತಿ ಸಾಲಿನ ನಡುವೆ ಒಂದು ನಿಲುಗಡೆ. ಅದರ ನಿಗುನ್ ಎಷ್ಟು ಬಳಕೆಯಾಗಿತ್ತೆಂದರೆ ಬೇರೆ ಕವಿಗಳು ಅದರ ಹೆಸರಷ್ಟೇ ಹೇಳಿ ಮುಂದೆ ಹೋಗುತ್ತಿದ್ದರು.

ಯೆಹೂದಿ ವಿದ್ವಾಂಸ ಎಲಿಯಾ ಲೆವಿಟಾನ ಕಥನಕಾವ್ಯ ‘ಬೋವೋ ಬುಖ್’ ಇನ್ನೂ ಸ್ವಾರಸ್ಯದ್ದು. 1507ರಲ್ಲಿ ಇಟಲಿಯ ಪಾದುವಾದಲ್ಲಿ ಬರೆದದ್ದು, ಅಚ್ಚಾದದ್ದು 1541ರಲ್ಲಿ, 650 ಪದ್ಯ. ಸಂಗೀತ ಬಲ್ಲವರಿದ್ದರೆ ಧಾಟಿ ತಿಳಿಸಿಕೊಡಬಹುದಿತ್ತು, ನಾನಂತೂ ಇಟಲಿಯ ಹಾಡಿನ ಮೇಲೆ ಹಾಡುತ್ತೇನೆ, ಇದಕ್ಕಿಂತ ಚಲೋದು ಕಟ್ಟಿದವರಿಗೆ ಉಪಕಾರ ಎಂದು ಮುನ್ನುಡಿಯಲ್ಲೇ ಹೇಳಿಬಿಡುತ್ತಾನೆ. ಹಾಡು ಯಾವುದು ಅನ್ನುವುದನ್ನು ಮಾತ್ರ ಹೇಳಲಿಲ್ಲ, ಪುಣ್ಯಾತ್ಮ!

ಅವನದು ಇಟಲಿಯಿಂದ ಬಂದ ಎಂಟು ಸಾಲಿನ ಪದ್ಯ. ಮೊದಲ ಆರು ಸಾಲಿಗೆ ಎರಡು ಪ್ರಾಸ ಒಂದು ಬಿಟ್ಟು ಒಂದು. ಕೊನೆಯ ಎರಡಕ್ಕೆ ಹೊಸದೊಂದು. ಎರಡು ಸಾಲಿನ ಮಟ್ಟನ್ನು ನಾಲ್ಕು ಸಲ ತಿರುವಿದರೆ ಪದ್ಯ ಮುಗಿಯುತ್ತದೆ. ಮೂರು ಸುತ್ತು ಸಲೀಸು: ಏರಿಗೊಂದು ಪ್ರಾಸ, ಇಳಿವಿಗೊಂದು. ನಾಲ್ಕನೆಯದರಲ್ಲಿ ಏರು, ಇಳಿವು ಎರಡಕ್ಕೂ ಒಂದೇ ಪ್ರಾಸ. ಚುಚ್ಚುಮಾತಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಾಡುವವ ಆ ಜೋಡಿಯನ್ನೂ ಹಿಂದಿನ ಓಟದಲ್ಲೇ ಎಳೆದುಕೊಂಡು ಹೋದರೆ ನಗೆ ತಪ್ಪುತ್ತದೆ. ಏಳನೇ ಸಾಲಿನ ಮುಂದೆ ಒಂದು ಉಸಿರು ನಿಲ್ಲಬೇಕು.

ತೊಡಕಿರುವುದು ತಾಳದಲ್ಲಿ. ಇಟಲಿಯವರ ಸಾಲು 11 ಉಚ್ಚಾರದ ಎಣಿಕೆ. ಯಿಡ್ಡಿಷ್ ಮಾತು ನಿಲ್ಲುವುದು ಒತ್ತಿನ ಮೇಲೆ, ಅಂದರೆ ಪದದಲ್ಲಿ ಒತ್ತಿ ಹೇಳುವ ಉಚ್ಚಾರದ ಮೇಲೆ. ಒತ್ತಿಲ್ಲದ ಉಚ್ಚಾರ ತಾಳದ ಪೆಟ್ಟಿಗೆ ಬಿದ್ದರೆ ಸಾಲು ಕುಂಟುತ್ತದೆ. ನಮ್ಮ ತ್ರಿಪದಿಗೆ ಆ ಕಷ್ಟವಿಲ್ಲ, ಎಳೆದರಾಯಿತು. ಒಂದರ ಎರಡನೇ ಸಾಲು ಹಾಡುವಾಗ ಹೀಗಿರುತ್ತದೆ:

ರಾಶೀಯ ಮಾಡಿ
ರಾಶೀಯ ಮಾಡಿ ನನ್ನಣ್ಣ ಹೊರಟಾನ

‘ರಾಶಿಯ’ ಅಂತಿದ್ದದ್ದು ‘ರಾಶೀಯ’ ಆಯಿತು, ಗಣ ಕೆಡಲಿಲ್ಲ. ಎರಡನೇ ಸಾಲಿನ ಮೊದಲರ್ಧ ಹೀಗೆ ಮರುಕಳಿಸುವುದರಿಂದ ಬೀಸುವಾಗ ಮೂರು ಸಾಲು ನಾಲ್ಕಾಗುತ್ತದೆ. ಪದ್ಯದ ಮೊದಲಿಂದ ಎಣಿಸಿದರೆ ಆರನೇ ಗಣವಾದ ‘ಮಾಡಿ’ ಚಿಕ್ಕದು, ಅದಕ್ಕೆ ಬ್ರಹ್ಮಗಣ ಅನ್ನುತ್ತಾರೆ. ದನಿ ನಿಲ್ಲುವುದೂ ಅಲ್ಲೇ.

ಅಂದರೆ ಎರಡು ತ್ರಿಪದಿ ಜೋಡಿಸಿದರೆ ಲೆವಿಟಾನ ಎಂಟು ಸಾಲಿನ ಮಟ್ಟು ತುಂಬುತ್ತದೆ. ಆದರೆ ನಮ್ಮ ಪ್ರಾಸ ಸಾಲಿನ ತಲೆಗೆ, ಎರಡನೇ ಅಕ್ಷರದಲ್ಲಿ, ಅವರದು ಬಾಲಕ್ಕೆ. ಕೊನೆಯ ಜೋಡಿಯ ಆ ಪೆಟ್ಟು ಮಾತ್ರ ಸಿಗುವುದಿಲ್ಲ.