ಶೀಟಿನ ಮಾಡು, ಆಟಿ ಮಳೆ, ಒಂಬತ್ತು ಚಿತ್ರದ ಆನೆ

ಕೊನೆಗೂ ದನಿ ಸಿಕ್ಕಿತು! ಮೂರು ವಾರ ಮಳೆಗೆ ಬೈದೆ. ಕಳ್ಳ ಇದ್ದದ್ದು ಮೈಕಿನ ಪಿನ್ನಿನಲ್ಲಿ.

ಶಾಲೆಯಲ್ಲಿ ಮಕ್ಕಳಿಂದ ಕಥೆ ಬರೆಸಿ, ಚಿತ್ರ ಜೋಡಿಸಿ, ಅವರದೇ ದನಿಯಲ್ಲಿ ಪುಟ್ಟ ವಿಡಿಯೊ ಮಾಡುತ್ತಿದ್ದೇವೆ. ಏಳನೇ ತರಗತಿಯ ಹುಡುಗಿಯ ಕಥೆ: ತೋಟಕ್ಕೆ ನುಗ್ಗಿದ ಆನೆ ಹಲಸು ತಿಂದು, ಅಜ್ಜಿಯ ಕೊಡೆ ತುಳಿದು ಹೋಗುತ್ತದೆ. ಒಂಬತ್ತು ಚಿತ್ರ, ಎರಡು ನಿಮಿಷ. ಆದರೆ ರೆಕಾರ್ಡಿಂಗ್ ತುಂಬ ಬರೀ ಮಳೆ. ಕೊಡಗಿನ ಭಾಗಮಂಡಲದ ಕಡೆ ಆಟಿಯಲ್ಲಿ, ಅಂದರೆ ಆಷಾಢದ ಹೊತ್ತಿನ ಜಡಿಮಳೆ ತಿಂಗಳಲ್ಲಿ, ಶೀಟಿನ ಮಾಡಿನ (ಚಾವಣಿಯ) ಕೆಳಗೆ ಕೂತವರಿಗೆ ಊಟದ ಬೆಲ್ಲೂ ಕೇಳಿಸುವುದಿಲ್ಲ.

ಧ್ವನಿ ತಿದ್ದುವ ತಂತ್ರಾಂಶ ಆಡಾಸಿಟಿಯಲ್ಲಿ ಬೇಡದ ಸದ್ದು ಅಳಿಸುವ ನಾಯ್ಸ್ ರಿಡಕ್ಷನ್ ಇದೆ. ಅದು ಫ್ಯಾನಿನ ಗುಂಯ್ ಸದ್ದನ್ನು ಚೆನ್ನಾಗಿ ತೆಗೆಯುತ್ತದೆ, ಆ ಸದ್ದು ಒಂದೇ ಸಮ ಇರುತ್ತದಲ್ಲ. ಮಳೆ ಗಳಿಗೆಗೊಂದು ತರ. ಜಾಸ್ತಿ ಎಳೆದರೆ ಹುಡುಗಿಯ ದನಿ ಕೊಡಪಾನದೊಳಗಿಂದ ಬಂದ ಹಾಗೆ. ಕಂಪ್ಯೂಟರ್ ದನಿ ಹಾಕಿಬಿಡಿ ಎಂದರು ಕೆಲವರು. ಒಪ್ಪಲಿಲ್ಲ. ‘ಆನೆ’ ಅನ್ನುವ ಮೊದಲು ಅವಳು ಉಸಿರು ಹಿಡಿಯುತ್ತಾಳೆ. ಕಥೆ ಇರುವುದೇ ಅಲ್ಲಿ.

ಕಾಲರ್ ಮೈಕ್ ತರಿಸಿದೆ. ಅದೇ ಸದ್ದು! ಹಿಂದಿನ ಬೆಂಚಿನ ಹುಡುಗ ಮೈಕನ್ನು ಉಗುರಲ್ಲಿ ತಟ್ಟಿದ, ಏನೂ ದಾಖಲಾಗಲಿಲ್ಲ. ಫೋನನ್ನು ತಟ್ಟಿದ, ಢಬ್! ಮೈಕಿನ ಪಿನ್ನಿಗೆ ಎರಡೇ ಕಪ್ಪು ಗೆರೆ, ಫೋನಿಗೆ ಬೇಕಾದದ್ದು ಮೂರು. ಇಷ್ಟು ದಿನ ರೆಕಾರ್ಡ್ ಮಾಡಿದ್ದು ಫೋನಿನ ಸ್ವಂತ ಮೈಕು. ‘ಮೊಬೈಲಿಗೂ ಆಗುತ್ತದೆ’ ಎಂದು ಮಾರಿದವರನ್ನು ಕೇಳಿದರೆ, ‘ಪಿನ್ನು ಒಳಗೆ ಹೋಗುತ್ತದಲ್ಲ?’ ಎಂಬ ಉತ್ತರ. ಮಕ್ಕಳ ಮೂರು ವಾರಕ್ಕೆ ಲೆಕ್ಕವೇ ಇಲ್ಲವೇ?

ಎರಡು ಗೆರೆಯ ಪಿನ್ನನ್ನು ಮೂರು ಗೆರೆಯದಾಗಿಸುವ ಅಡಾಪ್ಟರ್ ಹಾಕಿ, ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರಕ್ಕೆ ತಂದೆವು. ಅಂತರ ಅರ್ಧವಾದಾಗಲೆಲ್ಲ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಮಾಡಿನ ಮಳೆ ಇದ್ದಷ್ಟೇ ಇರುತ್ತದೆ. ಮೇಲೊಂದು ಕಂಬಳಿ. ಅದರೊಳಗೆ ಕೂತು ಓದಿದಳು. ಉಸಿರು ಹಿಡಿದದ್ದೂ ಕೇಳಿಸಿತು.

ಈ ನಡುವೆ ಇನ್ನೊಂದು ಹುಚ್ಚು ಹತ್ತಿದೆ. ಓದುವಾಗ ತಡವರಿಸುವ ಈಕೆ ಅದೇ ಕಥೆಯನ್ನು ನಮ್ಮ ಕಡೆಯ ಆಡುಮಾತಾದ ಅರೆಭಾಷೆಯಲ್ಲಿ ನೀರು ಕುಡಿದಂತೆ ಹೇಳುತ್ತಾಳೆ. ಚಿತ್ರ ಅವೇ ಇರಲಿ, ದನಿ ಮಾತ್ರ ಬದಲಿಸಿ ಕೊಡಗಿನ ಅರೆಭಾಷೆ, ಕೊಡವ ತಕ್ಕ್, ಎರವ ಭಾಷೆಗಳಲ್ಲಿ ಮಾಡಬೇಕು. ಕೈಲ್‌ಪೊಳ್ದ್ ಹಬ್ಬದ (ಕೊಡವರ ಆಯುಧಪೂಜೆ) ರಜೆ ಕಳೆದ ಮೇಲೆ ಶುರು.

ಹಳೆಯ ರೆಕಾರ್ಡಿಂಗ್ ಅಳಿಸಲು ಹೊರಟೆ. ‘ಬೇಡ ಸಾರ್, ಆನೆ ಬಂದ ರಾತ್ರಿ ಮಳೆ ಇತ್ತು’ ಎಂದಳು. ನಾಲ್ಕನೇ ಚಿತ್ರದ ಕೆಳಗೆ ಈಗ ಅದೇ ಮಳೆ ಮೆಲ್ಲಗೆ ಸುರಿಯುತ್ತಿದೆ.