ಮುಳುಗಡೆಯ ಕಣಿವೆಯಲ್ಲಿ ಒಂದು ಚಳಿಗಾಲದ ದಿನ

ಜನವರಿಯ ಶನಿವಾರ. ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಹೊರಟ ಹನ್ನೆರಡು ಮಂದಿ ಡರ್ವೆಂಟ್ ಕಣಿವೆಯ ಫೇರ್‌ಹೋಮ್ಸ್‌ನಲ್ಲಿ ಸೇರಿದಾಗ ಬಿಸಿಲು ಇನ್ನೂ ಕಣಿವೆಗೆ ಇಳಿದಿರಲಿಲ್ಲ. ನಮ್ಮನ್ನು ಕರೆದೊಯ್ಯುವ ಮಾರ್ಗದರ್ಶಿ, ಅರವತ್ತರ ಆಸುಪಾಸಿನ ಹೆಂಗಸು, ಮೊದಲು ಎಲ್ಲರ ಬೂಟುಗಳನ್ನು ನೋಡಿದರು. ಕತ್ತಲಾಗುವ ಮೊದಲು ಕೆಳಗಿಳಿದಿರಬೇಕು ಎಂದಷ್ಟೇ ಹೇಳಿ ನಡೆದರು.

ಡರ್ವೆಂಟ್ ಅಣೆಕಟ್ಟು ತುಂಬಿತ್ತು. 1916ರಲ್ಲಿ ಮುಗಿದ ಆ ಕಲ್ಲಿನ ಕಟ್ಟೆಯ ಎರಡು ಗೋಪುರಗಳ ನಡುವೆ ನೀರು ಉದ್ದಕ್ಕೂ ಬೆಳ್ಳಗೆ ಧುಮುಕುತ್ತಿತ್ತು; ಎದುರು ನಿಂತವರ ಮಾತು ಕೇಳಿಸದು. ಜರ್ಮನಿಯ ಅಣೆಕಟ್ಟುಗಳನ್ನು ಒಡೆಯುವ ಮುನ್ನ 1943ರಲ್ಲಿ ಬ್ರಿಟಿಷ್ ವಿಮಾನಗಳು ಅಭ್ಯಾಸಕ್ಕೆ ಹಾರಿದ್ದು ಇದರ ಮೇಲೆಯೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಪಕ್ಕದ ಒಂದು ಪುಟ್ಟ ಸ್ಮಾರಕ. 1953ರ ಚಳಿಗಾಲದಲ್ಲಿ ಮೇಲಿನ ಬಯಲಿನಲ್ಲಿ ತೀರಿಕೊಂಡ ಮುದುಕ ಕುರುಬನೊಬ್ಬನ ಶವದ ಬಳಿ ಟಿಪ್ ಎಂಬ ನಾಯಿ 15 ವಾರ ಕಾದು ಕುಳಿತಿತ್ತಂತೆ.

ಪೈನ್ ಕಾಡಿನೊಳಗೆ ಗಾಳಿಯೇ ಇಲ್ಲ. ಉದುರಿದ ಸೂಜಿಯೆಲೆಗಳ ಮೇಲೆ ಹೆಜ್ಜೆಯ ಸದ್ದೂ ಅಡಗಿತು. ಕಾಡು ದಾಟಿ ಬಯಲಿಗೆ ಬಂದೊಡನೆ ಗಾಳಿ ಮುಖಕ್ಕೆ ಬಡಿಯಿತು. ಕಣ್ಣು ಹಾಯುವವರೆಗೂ ಕಂದುಬಣ್ಣದ ಹೆದರ್ ಪೊದೆ, ಕಾಲಡಿ ನೀರು ಕುಡಿದ ಕಪ್ಪು ಪೀಟ್ ಮಣ್ಣು. ಮುಂದಿದ್ದವರು ಕೈ ಎತ್ತಿ ನಿಂತರು. ಹತ್ತು ಮಾರು ದೂರದಲ್ಲಿ, ಹಿಮವೇ ಇಲ್ಲದ ಕಪ್ಪು ನೆಲದ ಮೇಲೆ, ಬೆಳ್ಳಗಿನ ಬೆಟ್ಟದ ಮೊಲ! ಕಿವಿಯ ತುದಿ ಮಾತ್ರ ಕಪ್ಪು. ಹಿಮದಲ್ಲಿ ಬಚ್ಚಿಡಬೇಕಾದ ಬಣ್ಣವೇ ಅದನ್ನು ಹಿಡಿದುಕೊಟ್ಟಿತ್ತು. ಮೂಗು ಅದುರಿಸುತ್ತ ನಮ್ಮನ್ನು ನೋಡಿ, ಒಂದೇ ನೆಗೆತಕ್ಕೆ ಮಾಯವಾಯಿತು.

538 ಮೀಟರ್ ಎತ್ತರದ ಬ್ಯಾಕ್ ಟಾರ್‌ನ ಬಂಡೆಗಳ ಮರೆಯಲ್ಲಿ ಚಹಾ ಕುಡಿದು, ಗಾಳಿ ಕೊರೆದ ಕಲ್ಲುಗುಡ್ಡೆಗಳನ್ನು ದಾಟಿ, ಲೇಡಿಬವರ್ ಜಲಾಶಯದ ದಡಕ್ಕೆ ಇಳಿದೆವು. ಇದರ ತಳದಲ್ಲಿ ಡರ್ವೆಂಟ್, ಆ್ಯಶಪ್ಟನ್ ಎಂಬ ಎರಡು ಊರುಗಳಿವೆ. ನೀರು ತುಂಬುವ ಮೊದಲು ಡರ್ವೆಂಟ್‌ನ ಚರ್ಚಿನ ಅಂಗಳದ ಗೋರಿಗಳನ್ನು ತೆರೆದು ದೇಹಗಳನ್ನು ಹತ್ತಿರದ ಬ್ಯಾಂಫರ್ಡ್ ಊರಿಗೆ ಒಯ್ದರು. ಹಳೆಯ ಕಲ್ಲುಸೇತುವೆಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಹೌಡನ್ ಜಲಾಶಯದ ಮೇಲ್ಭಾಗದಲ್ಲಿ ಮತ್ತೆ ಕಟ್ಟಿದರು. ಚರ್ಚಿನ ಗೋಪುರವನ್ನು ನೀರಿನ ನಡುವೆ ಬಿಟ್ಟಿದ್ದರು. 1947ರಲ್ಲಿ ಅದನ್ನೂ ಸಿಡಿಸಿದರು.

ನಾನು ಸಾಗರದ ಕಡೆಯವಳು. ಲಿಂಗನಮಕ್ಕಿಯ ನೀರು ಏರುವ ಮೊದಲು ನಮ್ಮ ಅಜ್ಜ ಮನೆಯ ಕಂಬಗಳನ್ನೂ ಹೆಬ್ಬಾಗಿಲನ್ನೂ ಕಿತ್ತು ಲಾರಿಗೆ ಹೇರಿಸಿದ್ದರು. ಅಜ್ಜಿಗೆ ಪಂಚಾಂಗದ ಲೆಕ್ಕವೇ ಬೇರೆ: ಮಗಳ ಮದುವೆ ‘ಮುಳುಗಡೆಗೆ ಮುಂಚೆ’, ಮೊಮ್ಮಗನ ಹುಟ್ಟು ‘ಮುಳುಗಡೆಯಾದ ಮೇಲೆ’. ಇದನ್ನು ಮಾರ್ಗದರ್ಶಿಗೆ ಹೇಳಿದೆ. ಅವರು ಮಾತನಾಡದೆ ನೀರಿನ ಒಂದು ಕಡೆಗೆ ಕೋಲು ಚಾಚಿದರು. ಬರಗಾಲದಲ್ಲಿ ಊರಿನ ಗೋಡೆಗಳು ಅಲ್ಲಿ ತಲೆ ಎತ್ತುತ್ತವಂತೆ. ಅಂದು ಜಲಾಶಯ ತುಂಬಿತ್ತು. ಉಳಿದವರು ಬಸ್ಸಿನ ಕಡೆ ನಡೆದರು, ನಾವಿಬ್ಬರೂ ಇನ್ನಷ್ಟು ಹೊತ್ತು ಅಲ್ಲೇ ನಿಂತಿದ್ದೆವು.